ಎರಡನೆಯ ಗಾಡಿ

ನಮ್ಮ ಊಟದ ಮೇಜಿನ ಎದುರಿನ ಗೋಡೆಯಲ್ಲಿ ಒಂದು ಚಿರತೆಯಿದೆ. ಕೊಂಬೆಯ ಮೇಲೆ ಹೊಟ್ಟೆ ಊರಿ ಮಲಗಿದೆ. ಕಾಲುಗಳು ಎರಡೂ ಕಡೆ ಇಳಿಬಿದ್ದಿವೆ, ಕಣ್ಣು ಅರ್ಧ ಮುಚ್ಚಿದೆ. ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಅದರ ಮುಂದೆ ನಿಲ್ಲುತ್ತಾರೆ. ಎಷ್ಟು ಹತ್ತಿರದಿಂದ ತೆಗೆದಿರಿ, ಭಯವಾಗಲಿಲ್ಲವೇ ಎಂದು ನನ್ನನ್ನು ಕೇಳುತ್ತಾರೆ. ತೆಗೆದವಳು ನನ್ನ ಹೆಂಡತಿ. ಆ ಹೊತ್ತಿನಲ್ಲಿ ನಾನು ಬೇರೆ ಗಾಡಿಯಲ್ಲಿ ಬೇರೆ ದಿಕ್ಕಿನಲ್ಲಿದ್ದೆ. ಬಾಲವನ್ನು ಕಂಬದ ಹಾಗೆ ನೆಟ್ಟಗೆ ಎತ್ತಿಕೊಂಡು ಧೂಳಿನಲ್ಲಿ ಓಡಿಹೋಗುತ್ತಿದ್ದ ಒಂದು ಕಾಡುಹಂದಿಯ ಹಿಂಭಾಗವನ್ನು ನೋಡುತ್ತಿದ್ದೆ.

ನಾನು ಗಂಟೆಯ ಶಬ್ದದಲ್ಲಿ ಬೆಳೆದವನು. ಮೈಸೂರಿನ ವಿದ್ಯಾರ್ಥಿನಿಲಯದಲ್ಲಿ ಏಳುವುದಕ್ಕೆ ಒಂದು ಗಂಟೆ, ಸ್ನಾನಕ್ಕೊಂದು, ಪ್ರಾರ್ಥನೆಗೊಂದು, ಊಟಕ್ಕೊಂದು. ಊಟದ ಗಂಟೆಗೆ ತಟ್ಟೆಯ ಮುಂದೆ ಕೂರದವನಿಗೆ ಸಿಗುತ್ತಿದ್ದದ್ದು ಹೋಳಿಲ್ಲದ ಹುಳಿ. ಆಮೇಲೆ ಅಮೆರಿಕಕ್ಕೆ ಬಂದು ಮುಕಿಲ್ಟಿಯೊ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗ ಸೇರಿದೆ. ಜೋಡಿಸುವವರು ಬೇರೆ, ಸರಿಯಾಗಿದೆ ಎಂದು ಸಹಿ ಹಾಕುವವನು ನಾನು. ನಿವೃತ್ತನಾದ ಮೇಲೂ ಐದಕ್ಕೆ ಏಳುತ್ತೇನೆ. ನನ್ನ ಹೆಂಡತಿ ಏಳುವುದಿಲ್ಲ. ಮದುವೆಯಾದಂದಿನಿಂದ ಅವಳನ್ನು ಐದಕ್ಕೆ ಎಬ್ಬಿಸಲು ನಾನು ಮಾಡದ ಉಪಾಯವಿಲ್ಲ. ಅಲಾರಾಂ, ಕಾಫಿಯ ಪರಿಮಳ, ಕಿಟಕಿಯ ಪರದೆ ಸರಿಸುವುದು, ಕೊನೆಗೆ ಮೌನ. ಯಾವುದೂ ನಡೆಯಲಿಲ್ಲ.

ಆದರೆ ಅವಳ ಕಣ್ಣು ಚುರುಕು. ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ಗ್ರಂಥಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಉದ್ದನೆಯ ಕಪಾಟಿನ ಮುಂದೆ ನಡೆದುಹೋಗುತ್ತಲೇ ಜಾಗ ತಪ್ಪಿ ಕೂತ ಪುಸ್ತಕವನ್ನು ಎಳೆದು ತೆಗೆಯುತ್ತಿದ್ದಳಂತೆ. ಈಸ್ಟ್‌ಗೇಟ್‌ನ ನಮ್ಮ ಅಡುಗೆಮನೆಯ ಕಿಟಕಿಯಲ್ಲೂ ಅದೇ ಕಣ್ಣು. ಹಿತ್ತಲಿನಲ್ಲಿ ಗುಲಾಬಿ ಮೊಗ್ಗು ಮೇಯುವ ಜಿಂಕೆ, ಬೇಲಿಯ ಮೇಲೆ ಸಾಲಾಗಿ ನಡೆಯುವ ರಕೂನ್ ಮರಿಗಳು, ಒಮ್ಮೆ ಕಸದ ಡಬ್ಬಿ ಉರುಳಿಸಿ ಹೋದ ಕರಡಿ, ಎಲ್ಲವನ್ನೂ ಮೊದಲು ಕಂಡವಳು ಅವಳೇ. ಕಂಡ ಕೂಡಲೇ ಒಂದು ಕೂಗು: "ರೀ, ಇಲ್ನೋಡಿ." ನಾನು ಕೈಯಲ್ಲಿದ್ದ ಕೆಲಸ ಮುಗಿಸಿ ಹೋಗುವಷ್ಟರಲ್ಲಿ ಅರ್ಧ ಸಲ ಪ್ರಾಣಿ ಹೊರಟುಹೋಗಿರುತ್ತಿತ್ತು. ಆ ಕೂಗು ನನ್ನ ಸ್ವತ್ತು ಎಂದು ನಾನು ಯಾವತ್ತೂ ಯೋಚಿಸಿದವನಲ್ಲ. ಆಫ್ರಿಕದಲ್ಲಿ ಅದು ಬೇರೆಯವರ ಪಾಲಾದಾಗ ಗೊತ್ತಾಯಿತು.

ನಮ್ಮದೊಂದು ನಡಿಗೆಯ ಗುಂಪಿದೆ. ಎಲ್ಲರೂ ಕನ್ನಡದವರು, ಎಲ್ಲರೂ ನಿವೃತ್ತರು. ಶನಿವಾರ ಬೆಳಿಗ್ಗೆ ಏಳಕ್ಕೆ ಪಾರ್ಕಿನ ಬಾಗಿಲಲ್ಲಿ ಸೇರುತ್ತೇವೆ. ತಡವಾದವರು ಓಡಿ ಬಂದು ಸೇರಿಕೊಳ್ಳಬೇಕು. ಹಾಗೆ ಓಡಿ ಬರುವ ಅಭ್ಯಾಸವೂ ಇಲ್ಲದೆ ನಿಧಾನವಾಗಿ ಬಂದು, ನಾವು ಹಿಂತಿರುಗುವ ದಾರಿಯಲ್ಲಿ ಎದುರಾಗುವವರು ಒಬ್ಬರಿದ್ದಾರೆ. ಮಂಗಳೂರಿನವರು. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು. ಹೆಂಡತಿ ತೀರಿಕೊಂಡಿದ್ದಾರೆ, ಒಬ್ಬರೇ ಇರುತ್ತಾರೆ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಾರೆ. ನನ್ನ ಹೆಂಡತಿಗೆ ಅವರ ಪರಿಚಯ ಗ್ರಂಥಾಲಯದ ಕಾಲದಿಂದಲೇ ಇತ್ತು. ಪುಸ್ತಕವನ್ನು ಹೇಳಿದ ದಿನ ತಂದುಕೊಟ್ಟವರೇ ಅಲ್ಲ, ತಂದಾಗಲೂ ಹೊಸದೊಂದು ನೆವದ ಕಥೆ ತರುತ್ತಿದ್ದರು ಎಂದು ನಮ್ಮ ಮನೆಯಲ್ಲಿ ಎಷ್ಟೋ ಸಂಜೆ ಹೇಳಿ ನಕ್ಕಿದ್ದಾಳೆ. ಆಗ ನಾನೂ ನಕ್ಕಿದ್ದೆ.

ತಾಂಜಾನಿಯಾಗೆ ಹೋಗೋಣ ಎಂದು ಗುಂಪು ತೀರ್ಮಾನಿಸಿದಾಗ ಏರ್ಪಾಟು ನನ್ನ ಪಾಲಿಗೆ ಬಂತು, ಯಾವಾಗಲೂ ಹಾಗೆಯೇ. ನಾವು ಹತ್ತು ಜನ, ಗಾಡಿ ಎರಡು. ಯಾರು ಯಾವ ಗಾಡಿಯಲ್ಲಿ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರ ಸಿದ್ಧವಿತ್ತು: ಗಂಡ ಹೆಂಡತಿ ಒಂದೇ ಗಾಡಿಯಲ್ಲಿ ಕೂರಬಾರದು. ಇದು ಹುಚ್ಚು ನಿಯಮವಲ್ಲ. ಹಿಂದಿನ ವರ್ಷ ಇದೇ ಗುಂಪು ಮುಕಿಲ್ಟಿಯೊ ಕಡೆಯಿಂದ ದೋಣಿಯಲ್ಲಿ ತಿಮಿಂಗಿಲ ನೋಡಲು ಹೋಗಿತ್ತು. ದೋಣಿ ಹೊರಟಲ್ಲಿಂದ ದಂಪತಿಗಳು ಗ್ಯಾರೇಜಿನ ಬಾಗಿಲು ಹಾಕಿದ್ದು ಯಾರು, ಒಲೆ ಆರಿಸಿದ್ದು ಯಾರು ಎಂಬುದರಲ್ಲೇ ಮುಳುಗಿದ್ದರು. ತಿಮಿಂಗಿಲ ಎದ್ದು, ಉಸಿರು ಚಿಮ್ಮಿಸಿ, ಬಾಲ ತೋರಿಸಿ ಹೋಯಿತು. ಗುಂಪಿನಲ್ಲಿ ಅದನ್ನು ಕಂಡವರು ಮೇಷ್ಟ್ರು ಒಬ್ಬರೇ. ಅವರಿಗೆ ಜಗಳವಾಡಲು ಯಾರೂ ಇರಲಿಲ್ಲ. ಹೀಗಾಗಿ ನನ್ನ ನಿಯಮಕ್ಕೆ ಎಲ್ಲರೂ ತಲೆದೂಗಿದರು. ನನ್ನ ಹೆಂಡತಿ ಎಲ್ಲರಿಗಿಂತ ಮೊದಲು, ಹಾಗಾದರೆ ತಾನು ಮೇಷ್ಟ್ರ ಗಾಡಿಗೆ ಎಂದಳು. ಅಷ್ಟು ಬೇಗ ಹೇಳಬೇಕಾಗಿರಲಿಲ್ಲ.

ಅಲ್ಲಿ ನಾವು ಉಳಿದುಕೊಂಡ ಲಾಡ್ಜ್ ಎಂದರೆ ಗುಡಾರಗಳ ಸಾಲು. ಬಟ್ಟೆಯ ಗೋಡೆ, ಒಳಗೆ ಮಂಚ, ಬಿಸಿನೀರಿನ ನಲ್ಲಿ, ಗೋಡೆಯಾಚೆ ನೀರಾನೆಗಳ ಗೊರಗೊರ. ಕತ್ತಲಾದ ಮೇಲೆ ಊಟದ ಚಾವಡಿಗೆ ಒಬ್ಬರೇ ಹೋಗುವಂತಿಲ್ಲ, ಭರ್ಜಿ ಮತ್ತು ಟಾರ್ಚು ಹಿಡಿದ ಕಾವಲುಗಾರ ಬಂದು ಕರೆದೊಯ್ಯಬೇಕು. ಬಟ್ಟೆ ಒಗೆದುಕೊಡುತ್ತಾರೆ, ಆದರೆ ಒಳಉಡುಪುಗಳನ್ನು ಮಾತ್ರ ನಾವೇ ಒಗೆದುಕೊಳ್ಳಬೇಕು, ಅದಕ್ಕೆಂದೇ ಬಚ್ಚಲಲ್ಲಿ ಬೇರೆ ಸೋಪಿನ ಪುಡಿ ಇಟ್ಟಿರುತ್ತಾರೆ. ಇಂಥ ಸ್ಪಷ್ಟ ನಿಯಮಗಳಿರುವ ಜಾಗ ನನಗೆ ಕೂಡಲೇ ಹಿಡಿಸಿತು. ಅಡುಗೆಯವರು ಮಾಡುವ ಚಪಾತಿ ನಮ್ಮ ಚಪಾತಿಯೇ, ಸ್ವಲ್ಪ ದಪ್ಪ, ಎಣ್ಣೆ ಜಾಸ್ತಿ. ಅದರ ಜೊತೆಗೆ ಗುಂಪಿನ ಹೆಂಗಸರು ತಂದಿದ್ದ ಚಟ್ನಿಪುಡಿ ಒಂದು ವಾರ ಬಂತು.

ಬೆಳಗಾಗುವ ಮುಂಚೆ ನಡುವಯಸ್ಸಿನ ಒಬ್ಬ ಪರಿಚಾರಕ ಟ್ರೇಯಲ್ಲಿ ಕಾಫಿ, ಶುಂಠಿ ಬಿಸ್ಕತ್ತು ತಂದು ಗುಡಾರದ ಹೊರಗೆ ನಿಂತು ಮೆಲ್ಲಗೆ ಶುಭೋದಯ ಹೇಳುತ್ತಿದ್ದ. ಒಳಗಿನಿಂದ ಉತ್ತರ ಬರುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ನಾನು ಹೇಗೂ ಎದ್ದು ಷೂ ಕಟ್ಟಿಕೊಂಡಿರುತ್ತಿದ್ದೆ. ಮೊದಲ ದಿನ ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಮಂಚದ ಮೇಲೆ ಎದ್ದು ಕೂತು, ಕೂದಲು ಕಟ್ಟಿಕೊಳ್ಳುತ್ತ, ಸಂತೋಷದಿಂದ ಉತ್ತರ ಕೊಟ್ಟಳು. ನನ್ನ ಅಷ್ಟು ವರ್ಷದ ಅಲಾರಾಂಗೆ ಕದಲದವಳು ಒಬ್ಬ ಅಪರಿಚಿತನ ಪಿಸುಮಾತಿಗೆ ಎದ್ದಿದ್ದಳು. ಆ ಮನುಷ್ಯನ ಮೇಲೆ ನನಗೆ ಆಗಲೇ ಹೊಟ್ಟೆಕಿಚ್ಚು ಶುರುವಾಯಿತು. ಪಾಪ, ಒಳ್ಳೆಯವನು. ಬಿಸ್ಕತ್ತನ್ನು ಹೊರಗಿಟ್ಟರೆ ಕೋತಿ ಒಯ್ಯುತ್ತದೆ ಎಂದು ನನಗೆ ಎರಡು ಸಲ ಎಚ್ಚರಿಸಿದ್ದ. ಎರಡು ಸಲವೂ ಕೋತಿ ಒಯ್ಯಿತು.

ಬೆಳಗಿನ ಸುತ್ತಾಟಕ್ಕೆ ಆರಕ್ಕೆ ಮುಂಚೆ ಗಾಡಿ ಬಿಡುವಂತಿಲ್ಲ. ಆರಕ್ಕೆ ಸರಿಯಾಗಿ ನಮ್ಮ ಮೊದಲನೆಯ ಗಾಡಿ ಹೊರಡುತ್ತಿತ್ತು. ಎರಡನೆಯ ಗಾಡಿಯಲ್ಲಿ ಎಲ್ಲರೂ ಕೂತಿರುತ್ತಿದ್ದರು, ಮೇಷ್ಟ್ರನ್ನು ಬಿಟ್ಟು. ಅವರು ಚಾವಡಿಯಲ್ಲಿ ಎರಡನೆಯ ಲೋಟ ಕಾಫಿ ಕುಡಿಯುತ್ತಿರುತ್ತಿದ್ದರು. ಮೊದಲ ದಿನ ನಾನು ಕೈಗಡಿಯಾರ ತೋರಿಸಿದೆ. ಅವರು ಲೋಟವನ್ನು ಕೆಳಗಿಡಲೇ ಇಲ್ಲ.

"ನಿಮಗೆ ಎಂತ ಅರ್ಜೆಂಟು ಮಾರಾಯ್ರೆ? ಸಿಂಹಕ್ಕೆ ಆಫೀಸು ಉಂಟಾ?"

ಗಾಡಿಯೊಳಗಿಂದ ಕೇಳಿಸಿದ ನಗುವಿನಲ್ಲಿ ನನ್ನ ಹೆಂಡತಿಯದು ಎಲ್ಲಕ್ಕಿಂತ ಜೋರಾಗಿತ್ತು.

ಆ ದಿನ ನಾವು ದೂರದ ಬಯಲಿನವರೆಗೆ ಹೋಗಿ ವೈಲ್ಡ್‌ಬೀಸ್ಟ್‌ಗಳ ಮಂದೆ ನೋಡಿದೆವು. ಚೆನ್ನಾಗಿತ್ತು. ಮಧ್ಯಾಹ್ನ ಲಾಡ್ಜಿಗೆ ಬಂದರೆ ಎರಡನೆಯ ಗಾಡಿಯವರು ಸಿಂಹದ ಮರಿಗಳ ಬಗ್ಗೆ ಮಾತಾಡುತ್ತಿದ್ದರು. ನಾವು ದಾಟಿಹೋದ ಸ್ವಲ್ಪ ಹೊತ್ತಿಗೆ, ಲಾಡ್ಜಿನ ದಾರಿಯಲ್ಲೇ, ತಾಯಿಸಿಂಹ ಮರಿಗಳನ್ನು ಕರೆದುಕೊಂಡು ಬಂದು ಗಾಡಿಯ ಚಕ್ರದ ಬದಿಯಲ್ಲಿ ಮಲಗಿತ್ತಂತೆ. ಮೊದಲು ಕಂಡದ್ದು ನನ್ನ ಹೆಂಡತಿಗೆ. ಮಾರನೆಯ ದಿನ ಅವರಿಗೆ ಚೀತಾ. ಹುತ್ತದ ಮೇಲೆ ನಿಂತಿದ್ದ ಚೀತಾವನ್ನು ಗೈಡ್ ಕೂಡ ಕಲ್ಲು ಎಂದುಕೊಂಡು ಮುಂದೆ ಹೋಗಿದ್ದನಂತೆ. ಅದನ್ನೂ ಕಂಡವಳು ಅವಳೇ. ನಮ್ಮ ಗಾಡಿಯ ಪಾಲಿಗೆ ಜೀಬ್ರಾಗಳ ಬೆನ್ನು, ಆನೆಗಳ ಬೆನ್ನು. ನಾಲ್ಕನೆಯ ದಿನಕ್ಕೆ ನಮ್ಮ ಗಾಡಿಯಲ್ಲಿದ್ದ ನಿವೃತ್ತ ಡಾಕ್ಟರಮ್ಮ ಹಿಂದಿನ ಸೀಟಿನಿಂದ ಹೇಳಿದರು, "ನಮ್ಮನ್ನ ನೋಡಿ ಪ್ರಾಣಿಗಳು ಇನ್ನೂ ಕತ್ತಲೆ ಇದೆ ಅಂತ ಮತ್ತೆ ಮಲಕ್ಕೊಳ್ತವೆ ಅನ್ಸತ್ತೆ."

ಊಟವಾದ ಮೇಲೆ ಬೆಂಕಿಯ ಸುತ್ತ ಕುರ್ಚಿ ಹಾಕುತ್ತಿದ್ದರು. ಅಲ್ಲಿ ನನ್ನ ಹೆಂಡತಿ ಕಥೆ ಹೇಳುತ್ತಿದ್ದಳು. ಅವಳು ಹೀಗೆ ಹೇಳಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ಕತ್ತೆಕಿರುಬ ಭುಜ ಎತ್ತಿ ಕುಂಟುತ್ತ ಬರುವುದನ್ನು ಎದ್ದು ನಿಂತು ತೋರಿಸಿದಳು. ಚೀತಾ ಓಡುವ ಮೊದಲು ತಲೆ ತಗ್ಗಿಸುವುದನ್ನು ತೋರಿಸಿದಳು. ಮೇಷ್ಟ್ರು ನಡುನಡುವೆ ಒಂದೊಂದು ಮಾತು ಸೇರಿಸುತ್ತಿದ್ದರು, ಇಲ್ಲಿ ನಾನು ಟೊಪ್ಪಿ ಬೀಳಿಸಿದೆ, ಇಲ್ಲಿ ಇವರು ನನ್ನ ತೋಳು ಹಿಡಿದು ಅಲುಗಿಸಿದರು ಎಂದು. ನನಗೆ ಸಿಂಹ ತಪ್ಪಿದ್ದರ ಸಂಕಟ ಅಷ್ಟೇನೂ ಇರಲಿಲ್ಲ. ಆ ತೋಳಿನ ಮಾತು ಕಚ್ಚಿಕೊಂಡಿತು. ಕಂಡ ಕೂಡಲೇ ಅವಳು ಹಿಡಿದು ಅಲುಗಿಸುವ ತೋಳು ನನ್ನದಾಗಿತ್ತು. ತಪ್ಪು ತಿಳಿಯಬೇಡಿ, ಮೇಷ್ಟ್ರ ಮೇಲೆ ಬೇರೆ ಯಾವ ಅನುಮಾನವೂ ನನಗಿರಲಿಲ್ಲ. ಅವರು ಅಲ್ಲಿ ಇದ್ದರು, ನಾನು ಇರಲಿಲ್ಲ. ಅಷ್ಟೇ, ಮತ್ತು ಅಷ್ಟು ಸಾಕಾಗಿತ್ತು.

ಗುಡಾರಕ್ಕೆ ಬಂದಮೇಲೆ ಇವತ್ತು ಏನೇನು ಕಂಡಿತು ಎಂದು ಕೇಳಿದರೆ, ಆಗಲೇ ಹೇಳಿದೆನಲ್ಲ, ನೀವೂ ಅಲ್ಲೇ ಇದ್ದಿರಲ್ಲ ಎಂದು ಸೊಳ್ಳೆಪರದೆ ಇಳಿಬಿಡುತ್ತಿದ್ದಳು. ನಿಜ, ಎಲ್ಲರ ಜೊತೆ ನನಗೂ ಹೇಳಿದ್ದಳು.

ಚಿರತೆ ಕಂಡದ್ದು ಪ್ರವಾಸ ಮುಗಿಯುವ ಹಿಂದಿನ ದಿನ. ನಮ್ಮ ಗಾಡಿಯ ರೇಡಿಯೋದಲ್ಲಿ ಎರಡನೆಯ ಗಾಡಿಯ ಗೈಡ್ ಏನೋ ಹೇಳಿದ. ನಮ್ಮ ಗೈಡ್ ಮರುಮಾತಿಲ್ಲದೆ ಗಾಡಿ ತಿರುಗಿಸಿದ. ಆಗ ನಾವು ನೋಡುತ್ತಿದ್ದದ್ದೇ ಆ ಕಾಡುಹಂದಿ. ಒಣಗಿದ ಹೊಳೆಯ ಪಾತ್ರದಲ್ಲಿ ಎದ್ದುಬಿದ್ದು ಹೋಗುವಾಗ ಎಲ್ಲರೂ ಸರಳು ಹಿಡಿದುಕೊಂಡಿದ್ದೆವು. ತಲುಪಿದಾಗ ಕೊಂಬೆ ಖಾಲಿಯಿತ್ತು. ಈಗ ತಾನೆ ಇಳಿದು ಹುಲ್ಲಿನೊಳಗೆ ಹೋಯಿತು ಎಂದು ಎರಡನೆಯ ಗಾಡಿಯ ಗೈಡ್ ಕೈ ತೋರಿಸಿದ. ನಮ್ಮ ಗಾಡಿಯವರೆಲ್ಲ ಹುಲ್ಲಿನತ್ತ ದುರ್ಬೀನು ಹಿಡಿದರು. ನಾನೂ ಹಿಡಿದೆ. ಹುಲ್ಲು ಹುಲ್ಲಾಗಿಯೇ ಇತ್ತು. ದುರ್ಬೀನು ಪಕ್ಕಕ್ಕೆ ಸರಿದು ಎರಡನೆಯ ಗಾಡಿಯ ಮೇಲೆ ನಿಂತಿತು.

ತೆರೆದ ಚಾವಣಿಯಲ್ಲಿ ನನ್ನ ಹೆಂಡತಿ ನಿಂತಿದ್ದಳು. ಟೊಪ್ಪಿ ಬೆನ್ನಿಗೆ ಬಿದ್ದಿತ್ತು, ಮುಖದ ತುಂಬ ಕೆಂಪು ಧೂಳು. ಬಾಯಿ ಸ್ವಲ್ಪ ತೆರೆದಿತ್ತು. ಪ್ರಾಣಿ ಹೋದ ಜಾಗವನ್ನೇ ನೋಡುತ್ತಿದ್ದಳು. ರೆಪ್ಪೆ ಬಡಿಯಲಿಲ್ಲ. ನಾನು ತಪಾಸಣೆಯ ಮನುಷ್ಯ, ಒಂದೇ ವಸ್ತುವನ್ನು ಬಹಳ ಹೊತ್ತು ನೋಡಿ ಅಭ್ಯಾಸವಿದೆ. ಆದರೆ ಆ ಮುಖವನ್ನು ನಾನು ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ. ಆಮೇಲೆ ಅವಳು ಪಕ್ಕಕ್ಕೆ ತಿರುಗಿ ಏನೋ ಹೇಳಿದಳು. ಅವಳು ತಿರುಗಿದ ಕಡೆ ಮೇಷ್ಟ್ರಿದ್ದರು. ನಾನು ದುರ್ಬೀನು ಕೆಳಗಿಳಿಸಿ ಅದರ ಗಾಜು ಒರೆಸಿದೆ.

ಸಂಜೆ ಊಟಕ್ಕೆ ಕೂತಾಗ, ಯಾರಾದರೂ ಸೀಟು ಬದಲಿಸಬೇಕೆಂದಿದ್ದರೆ ನಾಳೆ ಬದಲಿಸಬಹುದು, ಕಡೆಯ ದಿನಕ್ಕೆ ನಿಯಮವಿಲ್ಲ ಎಂದು ಘೋಷಿಸಿದೆ. ಬೇರೆ ದಂಪತಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇದ್ದಹಾಗೇ ಇರಲಿ, ಬಹಳ ಚೆನ್ನಾಗಿದೆ ಎಂದರು. ನಾನು ಹೆಂಡತಿಯ ಕಡೆ ನೋಡಿದೆ.

"ನಂಗೆ ಆ ಗಾಡಿ ಅಭ್ಯಾಸ ಆಗ್ಬಿಟ್ಟಿದೆ ರೀ. ಬೇಕಾದ್ರೆ ನೀವೇ ಬನ್ನಿ. ಆದ್ರೆ ನಮ್ಮದು ಲೇಟು."

ಇಡೀ ಮೇಜು ನನ್ನ ಉತ್ತರಕ್ಕೆ ಕಾದಿತ್ತು. ಬರುತ್ತೇನೆ ಎಂದೆ. ಮೇಷ್ಟ್ರು ತಮ್ಮ ತಟ್ಟೆಯಿಂದ ತಲೆಯೆತ್ತದೆ, ಹಾಗಾದರೆ ತಾವು ನನ್ನ ಜಾಗದಲ್ಲಿ ಮೊದಲನೆಯ ಗಾಡಿಗೆ ಹೋಗುವುದಾಗಿಯೂ, ಜನ್ಮದಲ್ಲಿ ಒಂದು ಸಲ ಸಮಯಕ್ಕೆ ಸರಿಯಾಗಿ ಹೊರಟು ನೋಡುವುದಾಗಿಯೂ ಹೇಳಿದರು. ಜಾಗ ಬಿಟ್ಟುಕೊಟ್ಟದ್ದೂ ಅಷ್ಟು ಹಗುರಾಗಿ. ನನ್ನಿಂದ ಅದು ಆಗುತ್ತಿರಲಿಲ್ಲ. ಅದಕ್ಕೂ ಕರುಬಿದೆ.

ಮರುದಿನ ಬೆಳಿಗ್ಗೆ ನಾನು ಎರಡನೆಯ ಗಾಡಿಯಲ್ಲಿ, ಅವಳ ಪಕ್ಕದಲ್ಲಿ. ಮೇಷ್ಟ್ರಿಲ್ಲದಿದ್ದರೂ ಅವರ ಗಾಡಿಗೆ ತಡವಾಗಿ ಹೊರಡುವ ಚಟ ಅಂಟಿತ್ತು. ಬಿಸಿಲು ಏರಿದ ಮೇಲೆ ಹೊರಟೆವು. ನಾನು ಕಣ್ಣಿಗೆ ದುರ್ಬೀನು ಒತ್ತಿಕೊಂಡು ಕೂತೆ. ಅವಳು ಒರಗಿಕೊಂಡಳು.

"ರೀ, ಹೊರಡೋವಾಗ ಹೀಟರ್ ಆಫ್ ಮಾಡಿದ್ರಾ?"

ಮಾಡಿದ್ದೆ. ಕೆಳಗಿನ ಬಚ್ಚಲಿನ ಕಿಟಕಿ? ಅದನ್ನೂ ಹಾಕಿದ್ದೆ. ಪಕ್ಕದ ಮನೆಯವರು ಗುಲಾಬಿಗೆ ನೀರು ಹಾಕುತ್ತಿದ್ದಾರೋ ಇಲ್ಲವೋ, ಜಿಂಕೆ ಇಷ್ಟರಲ್ಲಿ ಎಲ್ಲ ಮುಗಿಸಿರುತ್ತದೆಯೋ ಏನೋ, ಊರಿಗೆ ಹೋದ ಕೂಡಲೇ ಅಡುಗೆಮನೆಯ ಸಿಂಕಿಗೆ ಪ್ಲಂಬರನ್ನು ಕರೆಸಬೇಕು. ಗಾಡಿ ಹೋಗುತ್ತಿತ್ತು. ಅವಳು ಬಯಲಿನಲ್ಲಿ ಏನನ್ನೂ ಹುಡುಕುತ್ತಿರಲಿಲ್ಲ. ನನ್ನ ನಿಯಮ ಎಷ್ಟು ಸರಿಯಾಗಿತ್ತು ಎಂದು ಅನಿಸುತ್ತಲೇ ಇತ್ತು. ಮೇಷ್ಟ್ರ ಪಕ್ಕದಲ್ಲಿ ತೆರೆದಿದ್ದ ಕಣ್ಣು ನನ್ನ ಪಕ್ಕದಲ್ಲಿ ಸಿಂಕಿನ ಕಡೆ ತಿರುಗಿತ್ತು. ಪಕ್ಕದಲ್ಲಿ ಕೂರಬೇಕೆಂದು ಮಾನ ಬಿಟ್ಟು ಕೇಳಿ ಬಂದವನಿಗೆ ಸಿಕ್ಕಿದ್ದು ಹೀಟರು.

ಮೂತ್ರಕ್ಕೆಂದು ಒಂದು ಕಡೆ ಗಾಡಿ ನಿಲ್ಲಿಸಿದರು. ಸುತ್ತ ನೋಡಿ, ಅಪಾಯವಿಲ್ಲವೆಂದು ಗೈಡ್ ಹೇಳಿದ ಮೇಲೆ ಇಳಿದೆವು. ನಾನು ಗಾಡಿಗೆ ಒರಗಿ ಮೊದಲನೆಯ ಗಾಡಿ ಎಲ್ಲಿರಬಹುದು ಎಂದು ದಿಗಂತ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ತೋಳನ್ನು ಹಿಡಿದು ಅಲುಗಿಸಿದಂತಾಯಿತು.

"ರೀ, ಇಲ್ನೋಡಿ."

ನನ್ನ ಷೂವಿನ ಮುಂದೆಯೇ ಒಂದು ಕಪ್ಪು ಹುಳು. ತಲೆ ಕೆಳಗೆ ಮಾಡಿ ಹಿಂಗಾಲುಗಳಿಂದ ತನಗಿಂತ ದೊಡ್ಡದಾದ ಸಗಣಿಯ ಉಂಡೆಯನ್ನು ಉರುಳಿಸುತ್ತ ಹಿಮ್ಮುಖವಾಗಿ ಹೋಗುತ್ತಿತ್ತು. ನನ್ನ ಷೂ ತಗುಲಿ ಉಂಡೆ ನಿಂತಿತು. ಹುಳು ಮೇಲೆ ಹತ್ತಿ ಒಂದು ಸುತ್ತು ತಿರುಗಿ ನೋಡಿ, ಇಳಿದು, ಬೇರೆ ದಾರಿ ಹಿಡಿಯಿತು. ನಾವಿಬ್ಬರೂ ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ, ಅದು ಗುಂಡಿಯೊಂದಕ್ಕೆ ಬಿದ್ದು ಮತ್ತೆ ಎದ್ದು ಹುಲ್ಲಿನ ಬುಡದಲ್ಲಿ ಮರೆಯಾಗುವವರೆಗೂ ನೋಡಿದೆವು. ಅವಳು ಫೋನಿನಲ್ಲಿ ಒಂದು ಫೋಟೊ ತೆಗೆದಳು. ಗಾಡಿಯೊಳಗಿನವರು ಹೊರಡೋಣವೇ ಎಂದು ಕೇಳಿದರು. ತಡವಾಗಲಿ ಎಂದು ನಾನು ಹೇಳಿದ್ದು ಅದೇ ಮೊದಲು.

ಲಾಡ್ಜಿಗೆ ಬಂದಾಗ ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದರು. ಮೊದಲನೆಯ ಗಾಡಿಗೆ ಸಿಂಹಗಳ ಬೇಟೆ ಸಿಕ್ಕಿತ್ತು, ಮೊದಲಿನಿಂದ ಕೊನೆಯವರೆಗೆ. ಮೇಷ್ಟ್ರು ಸಮಯಕ್ಕೆ ಹೊರಟದ್ದು ಒಂದೇ ದಿನ, ಅವತ್ತೇ. ಡಾಕ್ಟರಮ್ಮ ನನ್ನನ್ನು ಕಂಡು, ನೀವು ನಾಳೆಯೂ ಆ ಗಾಡಿಯಲ್ಲೇ ಇರಿ ಎಂದರು. ನಾಳೆ ನಾವು ವಿಮಾನದಲ್ಲಿರುತ್ತೇವೆ ಎಂದು ನೆನಪಿಸಿದೆ.

ಊರಿಗೆ ಬಂದ ಮೇಲೆ ಫೋಟೊ ತೋರಿಸುವ ಸಂಜೆ ನಮ್ಮ ಗುಂಪಿನ ಪದ್ಧತಿ. ಬರದೇ ಇದ್ದವರನ್ನು ಕರೆದು, ಎಲ್ಲರೂ ಒಂದೊಂದು ಅಡುಗೆ ತಂದು, ಹೋದವರು ಕಥೆ ಹೇಳಬೇಕು. ಈ ಸಲ ಮೇಷ್ಟ್ರ ಮನೆಯಲ್ಲಿ, ವಿಶ್ವವಿದ್ಯಾಲಯಕ್ಕೆ ಹತ್ತಿರದ ಅವರ ಹಳೆಯ ಮನೆ. ನಾವು ಹೇಳಿದ ಹೊತ್ತಿಗೆ ಹೋದೆವು. ಅವರು ಆಗ ಗೋಳಿಬಜೆಗೆ ಹಿಟ್ಟು ಕಲಸುತ್ತಿದ್ದರು. ಲ್ಯಾಪ್‌ಟಾಪಿನಲ್ಲಿ ಫೋಟೊಗಳನ್ನು ದಿನವಾರು ಜೋಡಿಸಿ ಒಂದೊಂದಾಗಿ ಹಾಕುವ ಕೆಲಸ ನನ್ನದು, ಹೇಳುವ ಕೆಲಸ ನನ್ನ ಹೆಂಡತಿಯದು.

ಚಿರತೆಯ ಫೋಟೊ ಬಂದಾಗ ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅವಳು ಹೇಳತೊಡಗಿದಳು. ಮರದ ಎಲೆಗಳ ನಡುವೆ ಬಾಲ ಒಂದು ತೂಗುತ್ತಿತ್ತು, ಆ ಮರಕ್ಕೆ ಅದು ಸೇರಿದ್ದಲ್ಲ ಎಂದು ಕಂಡಿತು, ಗಾಡಿ ನಿಲ್ಲಿಸಿದೆವು ಎಂದು. ಮಧ್ಯೆ ಯಾರೋ ನನ್ನ ಕಡೆ ತಿರುಗಿ, ನೀವೂ ಜೊತೆಯಲ್ಲೇ ಇದ್ದಿರಾ ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಅವಳು, ಇದ್ದರು, ನಾವಿಬ್ಬರೂ ನೋಡಿದೆವು ಎಂದುಬಿಟ್ಟಳು. ಒಂದಿಷ್ಟೂ ತಡವರಿಸದೆ. ಮೇಷ್ಟ್ರು ಬಾಣಲೆಯ ಜಾಲರಿ ಸೌಟು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು, ಅದನ್ನು ನನ್ನತ್ತ ಚಾಚಿದರು.

"ಮೊದಲು ಕಂಡದ್ದೇ ಇವರಿಗೆ ಮಾರಾಯ್ರೆ. ನಾವೆಲ್ಲ ಸುಮ್ಮನೆ ಆಕಾಶ ನೋಡ್ತಾ ಇದ್ದದ್ದು."

ಇಬ್ಬರೂ ಸೇರಿ ನನಗೆ ಒಂದು ಚಿರತೆ ಕೊಡುತ್ತಿದ್ದರು. ತೆಗೆದುಕೊಂಡರೆ ಮುಗಿಯುತ್ತಿತ್ತು. ಆದರೆ ನೋಡದ್ದಕ್ಕೆ ನೋಡಿದೆನೆಂದು ಸಹಿ ಹಾಕಿ ನನಗೆ ಅಭ್ಯಾಸವಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರಿಬ್ಬರೂ ಮೊದಲೇ ಮಾತಾಡಿಕೊಳ್ಳದೆಯೂ ನನಗಾಗಿ ಒಂದಾದರಲ್ಲ, ಅದು ಮತ್ತೆ ಆ ಗಾಡಿಯನ್ನು ನೆನಪಿಗೆ ತಂದಿತು.

"ಇಲ್ಲ. ನಾನು ಚಿರತೆ ನೋಡಲಿಲ್ಲ. ನಾನು ಬಂದಾಗ ಅದು ಹೋಗಿತ್ತು. ದುರ್ಬೀನಿನಲ್ಲಿ ಇವಳನ್ನ ನೋಡ್ತಾ ಇದ್ದೆ."

ಮೇಷ್ಟ್ರು ಜಾಲರಿ ಹಿಡಿದು ಒಳಗೆ ಹೋದರು, ಎಣ್ಣೆ ಕಾಯುತ್ತಿತ್ತು. ನನ್ನ ಹೆಂಡತಿ ಪರದೆಯ ಕಡೆಯಿಂದ ತಿರುಗಿ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಮತ್ತೆ ಪರದೆಗೆ ತಿರುಗಿದಳು.

"ಸರಿ, ಮುಂದಿನ ಫೋಟೊ ಹಾಕಿ."

ಒತ್ತಿದೆ. ಮಬ್ಬಾದ ಒಂದು ಫೋಟೊ ಬಂತು. ಕೆಂಪು ಮಣ್ಣು, ಒಂದು ಷೂವಿನ ತುದಿ, ಅದರ ಮುಂದೆ ದುಂಡಗಿನ ಕಪ್ಪು ಚುಕ್ಕೆ. ಮುಂದಿನ ಸಾಲಿನಲ್ಲಿ ಕೂತವರು ಬಗ್ಗಿ ನೋಡಿ, ಇದೇನು ಎಂದರು. ಬೇರೆ ಎಲ್ಲ ಫೋಟೊಗಳಿಗೂ ಎದ್ದು ನಿಂತು ಕಥೆ ಹೇಳಿದವಳು, ಇದಕ್ಕೆ, ಏನಿಲ್ಲ, ಕೈತಪ್ಪಿ ತೆಗೆದದ್ದು ಎಂದಳು. ಆ ಮಾತನ್ನು ನಾನು ತಿದ್ದಲಿಲ್ಲ. ಅದರ ಮುಂದಿನದನ್ನು ಹಾಕಲು ಮಾತ್ರ ಸ್ವಲ್ಪ ತಡ ಮಾಡಿದೆ.